ನೂರಿಪ್ಪತ್ತನೆಯ ತಲೆ

ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಕ್.

ವರ್ಲೀನ್ ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟು ಕಿವಿಗೊಟ್ಟಳು. ರಾತ್ರಿ ಹತ್ತೂಮುಕ್ಕಾಲು. ಕಾರ್ಬಿನ್ ಸ್ಟ್ರೀಟ್ ಹೈಸ್ಕೂಲಿನಲ್ಲಿ ಅವಳ ಹೊರತು ಇನ್ನಾರೂ ಇರಬಾರದ ಹೊತ್ತು. ಹಳೆಯ ಕಟ್ಟಡಕ್ಕೆ ಅದರದೇ ಸದ್ದುಗಳಿದ್ದವು. ಚರ್ಚಿನವರು ಇಲ್ಲಿ ಶಾಲೆ ನಡೆಸುತ್ತಿದ್ದ ಕಾಲದಲ್ಲಿ ಹಾಕಿಸಿದ ಉಗಿಕೊಳವೆಗಳು ಅಕ್ಟೋಬರ್ ಬಂತೆಂದರೆ ಮುದುಕರ ಹಾಗೆ ಕೆಮ್ಮಲು ಶುರು ಮಾಡುತ್ತಿದ್ದವು. ಹನ್ನೊಂದು ವರ್ಷದಿಂದ ಇಲ್ಲಿ ಹಾಜರಿ ಗುಮಾಸ್ತೆಯಾಗಿರುವ ಅವಳಿಗೆ ಅವೆಲ್ಲ ಬಾಯಿಪಾಠ. ಇದು ಅವುಗಳಲ್ಲಿ ಯಾವುದೂ ಅಲ್ಲ. ಅಂಗಿಯ ಗುಂಡಿಯೊಂದು ಬಟ್ಟೆ ಒಣಗಿಸುವ ಯಂತ್ರದ ತಗಡಿಗೆ ಬಡಿಯುವ ಸದ್ದು. ಆ ಯಂತ್ರವನ್ನು ಒಂಬತ್ತು ಗಂಟೆಗೆ ಅವಳೇ ಆರಿಸಿ ಬಂದಿದ್ದಳು.

ಕಳ್ಳರಾಗಿರಲಿಕ್ಕಿಲ್ಲ ಎಂದುಕೊಂಡಳು. ಡೆಟ್ರಾಯಿಟ್‌ನ ಕಳ್ಳರು ತಾಮ್ರದ ಕೊಳವೆ ಕೀಳುತ್ತಾರೆ, ಬಟ್ಟೆ ಒಣಗಿಸುತ್ತ ಕೂರುವುದಿಲ್ಲ. ಆದರೂ ಕೀಲಿಗೊಂಚಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ನೆಲಮಾಳಿಗೆಯ ಮೆಟ್ಟಿಲಿಳಿದಳು.

“ಯಾರದು?”

“ನಾನೇ, ಮಿಸ್ ವರ್ಲೀನ್. ಕೂಗ್ಬೇಡಿ. ಇವ್ನು ಈಗ ತಾನೆ ಮಲಗ್ದ.”

ಯಂತ್ರದ ಪಕ್ಕದಲ್ಲಿ ಕೆಜಾಯಾ ನಿಂತಿದ್ದಳು. ಹನ್ನೆರಡನೆಯ ತರಗತಿಯ ಹುಡುಗಿ. ಕಳೆದ ವರ್ಷ ರಸಾಯನಶಾಸ್ತ್ರದಲ್ಲಿ ಶಾಲೆಗೇ ಮೊದಲಿಗಳಾಗಿ ಬಂದವಳು. ಅವಳ ಫೋಟೋ ಮೇಲೆ ಪಡಸಾಲೆಯ ಗೋಡೆಯಲ್ಲಿದೆ. ಈಗ ಕೂದಲಿಗೆ ಸ್ಯಾಟಿನ್ ಟೋಪಿ, ಕಾಲಿಗೆ ಜೋಡಿಯಾಗದ ಎರಡು ಕಾಲುಚೀಲ. ಅವಳ ಹಿಂದೆ, ಹಳೆಯ ನಾಟಕದ ಪರದೆಯನ್ನು ಮಡಿಸಿ ಹಾಸಿಕೊಂಡು, ಉದ್ದ ಕಾಲಿನ ಹುಡುಗನೊಬ್ಬ ಬಾಯಿ ತೆರೆದು ಮಲಗಿದ್ದ. ಅವಳ ತಮ್ಮ ಆಮಾರಿ. ಹದಿಮೂರು ವರ್ಷ, ಊರಿನ ಆ ತುದಿಯ ಬೇರೊಂದು ಶಾಲೆಯಲ್ಲಿ ಎಂಟನೆಯ ತರಗತಿ.

“ಎಷ್ಟು ದಿನದಿಂದ?” ಎಂದು ವರ್ಲೀನ್ ಕೇಳಿದಳು.

“ಹನ್ನೊಂದು.”

“ಒಳಗೆ ಹೇಗೆ ಬಂದ್ರಿ?”

“ಜಿಮ್ ಹಿಂದಿನ ಬಾಗ್ಲು. ಅದರ ಚಿಲಕ ಬೀಳಲ್ಲ. ಎಲ್ಲ ಮಕ್ಕಳಿಗೂ ಗೊತ್ತು ಮಿಸ್, ನಿಮಗೆ ಮಾತ್ರ ಗೊತ್ತಿಲ್ಲ.”

ಉಳಿದದ್ದನ್ನು ಕೇಳಲು ವರ್ಲೀನ್‌ಗೆ ಇಷ್ಟವಿರಲಿಲ್ಲ. ಕೇಳಿದರೆ ತಿಳಿಯುತ್ತದೆ, ತಿಳಿದ ಮೇಲೆ ತಿಳಿಯದವಳಂತೆ ಇರಲಾಗದು. ಆದರೆ ಹುಡುಗಿ ಹೇಳಿಯೇಬಿಟ್ಟಳು. ಅಮ್ಮ ಆಗಸ್ಟ್‌ನಲ್ಲಿ ಎರಡು ದಿನಕ್ಕೆಂದು ಹೋದವಳು ಬಂದಿಲ್ಲ. ಸೆಪ್ಟೆಂಬರ್‌ನಲ್ಲಿ ಕೋರ್ಟಿನವರು ಬಂದು ಬೀಗ ಬದಲಿಸಿದರು. ಮಂಚ, ಪಾತ್ರೆ, ಆಮಾರಿಯ ತುತ್ತೂರಿ, ಎಲ್ಲ ರಸ್ತೆಯ ಕಸದ ತೊಟ್ಟಿಯಲ್ಲಿ. ಅಷ್ಟು ದೂರದ ತನ್ನ ಶಾಲೆಗೆ ಹೋಗಲು ಬಸ್ಸಿನ ದುಡ್ಡಿಲ್ಲದೆ ತಮ್ಮ ಹಗಲು ಸಾರ್ವಜನಿಕ ಗ್ರಂಥಾಲಯದಲ್ಲಿ ಕೂರುತ್ತಾನೆ, ರಾತ್ರಿ ಇಲ್ಲಿಗೆ ಬರುತ್ತಾನೆ.

“ಈ ತಿಂಗಳು ಇಪ್ಪತ್ತೆಂಟಕ್ಕೆ ನಂಗೆ ಹದಿನೆಂಟು ತುಂಬತ್ತೆ. ಆಮೇಲೆ ನಾನೇ ಇವನ ಗಾರ್ಡಿಯನ್ ಅಂತ ಕೋರ್ಟಲ್ಲಿ ಅರ್ಜಿ ಹಾಕ್ಬಹುದಂತೆ. ಲೈಬ್ರರಿ ಆಂಟಿ ಫಾರಂ ತೆಗೆದಿಟ್ಟಿದ್ದಾರೆ. ಇನ್ನು ಮೂರೂವರೆ ವಾರ. ದಮ್ಮಯ್ಯ ಮಿಸ್, ಆ ನಂಬರಿಗೆ ಫೋನ್ ಮಾಡ್ಬೇಡಿ.”

ಆ ನಂಬರು. ವರ್ಲೀನ್‌ಳ ಮೇಜಿನ ಮೇಲ್ಗಡೆ ದಪ್ಪ ಅಕ್ಷರದಲ್ಲಿ ಅಂಟಿಸಿದ್ದರು. ಮನೆಯಿಲ್ಲದ, ದೊಡ್ಡವರಿಲ್ಲದ ಮಗುವೊಂದು ಕಣ್ಣಿಗೆ ಬಿದ್ದರೆ ಶಾಲೆಯ ನೌಕರರು ತಡಮಾಡದೆ ರಾಜ್ಯದ ಮಕ್ಕಳ ರಕ್ಷಣಾ ಇಲಾಖೆಗೆ ತಿಳಿಸಬೇಕು. ತಿಳಿಸದಿದ್ದರೆ ಕೆಲಸ ಹೋಗುವುದಷ್ಟೇ ಅಲ್ಲ, ಮೊಕದ್ದಮೆಯೂ ಬೀಳುತ್ತದೆ.

ಆರು ವರ್ಷದ ಹಿಂದೆ ಅವಳು ತಿಳಿಸಿದ್ದಳು. ಅಣ್ಣ ತಮ್ಮ ಇಬ್ಬರು, ಕಾರಿನಲ್ಲಿ ಮಲಗುತ್ತಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಎರಡು ಕಾರು ಬಂದವು. ಎರಡೇಕೆ ಎಂದು ಆಗ ಅವಳಿಗೆ ಹೊಳೆಯಲಿಲ್ಲ. ಚಿಕ್ಕವನು ಹೋಗುವಾಗ ತಿರುಗಿ, “ನಾನೇನ್ ತಪ್ಪು ಮಾಡ್ದೆ ಮಿಸ್?” ಎಂದಿದ್ದ. ಎರಡು ವರ್ಷದ ಮೇಲೆ ದೊಡ್ಡವನು ಒಬ್ಬನೇ ಬಂದು ಕಿಟಕಿಯ ಬಳಿ ನಿಂತು, ತಮ್ಮ ಯಾವ ಊರಲ್ಲಿದ್ದಾನೆ ಎಂದು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

“ನಾಳೆ ಎಣಿಕೆ ದಿನ,” ಎಂದಳು. ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿತು. “ನಾಳೆ ಒಂದಿನ ಕಳೀಲಿ. ಆಮೇಲೆ ಮಾತಾಡೋಣ.”

“ನಾಳೆ ಬುಧವಾರ ಮಿಸ್. ಲೈಬ್ರರಿ ಬಾಗ್ಲು ತೆಗೆಯೋದೇ ಮಧ್ಯಾಹ್ನ. ಬೀದೀಲಿ ನಿಂತ್ರೆ ಪೊಲೀಸ್ರು ಕೇಳ್ತಾರೆ.”

“ಹಾಗಾದ್ರೆ ಇಲ್ಲೇ ಇರ್ಲಿ. ಮೇಲೆ ಬರೋದು ಬೇಡ, ಸದ್ದೂ ಬೇಡ.” ಆಮೇಲೆ, ಎಚ್ಚರಿಕೆಗಾಗಿ ಎಂದುಕೊಂಡು, ಯಂತ್ರದಿಂದ ಬಿಸಿಯಾಗಿದ್ದ ಶಾಲೆಯ ಕುಂಕುಮಗೆಂಪು ಅಂಗಿಯೊಂದನ್ನು ತೆಗೆದಳು. ಸದ್ದು ಮಾಡಿದ್ದು ಅದರದೇ ಎರಡನೆಯ ಗುಂಡಿ. ಒಂದೆಳೆ ದಾರದಲ್ಲಿ ನೇತಾಡುತ್ತಿತ್ತು. “ಇದನ್ನ ಹಾಕ್ಕೊಳ್ಳೋಕೆ ಹೇಳು. ಯಾರ ಕಣ್ಣಿಗಾದ್ರೂ ಬಿದ್ರೆ ನಮ್ಮ ಹುಡುಗ ಅನ್ಕೊಂಡು ಸುಮ್ನಾಗ್ತಾರೆ.”

ಮನೆಗೆ ಹೋಗಿ ಹಾಸಿಗೆಯಲ್ಲಿ ಮಲಗಿದ ಮೇಲೂ ಅವಳಿಗೆ ಆ ಮಾತು ಜಾಣತನದ ಮಾತೆಂದೇ ತೋರಿತ್ತು.

ಎಣಿಕೆಯ ದಿನವೆಂದರೆ ಅಕ್ಟೋಬರಿನ ಮೊದಲ ಬುಧವಾರ. ಆ ದಿನ ಯಾವ ಶಾಲೆಯ ಬೆಂಚಿನಲ್ಲಿ ಎಷ್ಟು ತಲೆಗಳಿವೆಯೋ ಅದರ ಮೇಲೆ ಆ ಶಾಲೆಗೆ ಸರ್ಕಾರ ಹಾಕುವ ವರ್ಷದ ಅನ್ನ. ಹಾಗಾಗಿ ಊರಿನ ಶಾಲೆಗಳೆಲ್ಲ ಆ ದಿನ ಮದುವೆಮನೆಯಾಗುತ್ತವೆ. ಮಕ್ಕಳನ್ನು ಬರಮಾಡಿಕೊಳ್ಳಲು ಪಿಜ್ಜಾ, ಬಲೂನು, ಚೀಟಿ ಎತ್ತಿ ಬಹುಮಾನ. ಕಾರ್ಬಿನ್ ಸ್ಟ್ರೀಟಿಗೆ ಈ ಸಲ ಅದಕ್ಕಿಂತ ದೊಡ್ಡ ಚಿಂತೆಯಿತ್ತು. ಇದು ಚಾರ್ಟರ್ ಶಾಲೆ, ದುಡ್ಡು ಸರ್ಕಾರದ್ದು, ಆಡಳಿತ ಬೇರೆಯವರದು. ನಡೆಸಲು ಪರವಾನಗಿ ಕೊಟ್ಟದ್ದು ಉತ್ತರದ ಒಂದು ವಿಶ್ವವಿದ್ಯಾಲಯ. ಅವರು ವಸಂತದಲ್ಲೇ ಪತ್ರ ಬರೆದಿದ್ದರು: ನೂರಿಪ್ಪತ್ತಕ್ಕಿಂತ ಒಂದು ತಲೆ ಕಡಿಮೆಯಾದರೂ ಜೂನ್‌ಗೆ ಬಾಗಿಲು ಮುಚ್ಚಬೇಕು.

ಪಟ್ಟಿಯಲ್ಲಿ ನೂರಿಪ್ಪತ್ತಾರು ಹೆಸರಿದ್ದವು. ದಿನವೂ ಬರುತ್ತಿದ್ದವರು ನೂರಾಹತ್ತರ ಆಸುಪಾಸು. ಬರದವರಿಗೆಲ್ಲ ಕಾರಣಗಳಿದ್ದವು, ಅವನ್ನೆಲ್ಲ ವರ್ಲೀನ್ ಬಲ್ಲಳು. ಒಬ್ಬನಿಗೆ ರಾತ್ರಿಪಾಳಿ ಬನ್ನಿನ ಕಾರ್ಖಾನೆಯಲ್ಲಿ. ಒಬ್ಬಳಿಗೆ ಕೂಸಿನ ಜ್ವರ. ಇಬ್ಬರಿಗೆ ಒಂದೇ ಜೊತೆ ಬೂಟು, ಸರದಿಯ ಮೇಲೆ. ಒಗೆದ ಅಂಗಿಯಿಲ್ಲದೆ ನಾಚಿಕೊಂಡು ಉಳಿಯುವವರು ಕೆಲವರೆಂದು ತಿಳಿದ ಮೇಲೇ ಅವಳು ಹಟ ಹಿಡಿದು ಆ ಒಗೆಯುವ, ಒಣಗಿಸುವ ಯಂತ್ರಗಳನ್ನು ತರಿಸಿದ್ದು. ಇಲ್ಲಿ ಗಣಿತದ ಮೇಷ್ಟರು ಎರಡನೆಯ ವಾರಕ್ಕೇ ಹೊರವಲಯದ ಶಾಲೆಗೆ ಹಾರಿದ್ದರು. ಪ್ರಯೋಗಶಾಲೆಯಲ್ಲಿ ಗ್ಯಾಸ್ ಬರುವುದಿಲ್ಲ. ಕೆಜಾಯಾ ಮೊದಲಿಗಳಾಗಿ ಬಂದದ್ದು ಚಿತ್ರ ನೋಡಿ ಕಲಿತು. ಆದರೂ ಹಾಡುವ ತಂಡ ಇತ್ತು, ಹೋದ ವರ್ಷ ಹನ್ನೆರಡನೆಯ ತರಗತಿಯಲ್ಲಿ ಮೂವತ್ತೊಂದು ಜನರಲ್ಲಿ ಇಪ್ಪತ್ತೇಳು ಜನ ಕಾಲೇಜು ಸೇರಿದ್ದರು. ಬಾಗಿಲ ಮೇಲಿಂದ ಕಿತ್ತ ಶಿಲುಬೆಯ ಗುರುತು ಇಟ್ಟಿಗೆಯ ಮೇಲೆ ಹಾಗೆಯೇ ಉಳಿದಿತ್ತು. ಅದರ ಕೆಳಗೆ ನಿಂತು ಮಕ್ಕಳು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಬೆಳಿಗ್ಗೆ ಏಳೂವರೆಗೆ ಪ್ರಾಂಶುಪಾಲ ಪೆಟ್‌ವೇ ಕುಂಕುಮಗೆಂಪು ಸೂಟು ತೊಟ್ಟು ಬಾಗಿಲಲ್ಲಿ ಕುಣಿಯುತ್ತಿದ್ದ. ಅರವತ್ತರ ಹತ್ತಿರದ, ಮೊಣಕಾಲು ನೋವಿನ ಮನುಷ್ಯ.

“ಮಿಸ್ಟರ್ ಪೆಟ್‌ವೇ, ಬಿದ್ದು ಸೊಂಟ ಮುರ್ಕೊಂಡ್ರೆ ನಿಮ್ಮನ್ನೂ ಎಣಿಸ್ತಾರಾ?” ಎಂದು ಟ್ರೇವಿಯನ್ ಕೂಗಿದ. ಒಂಬತ್ತನೆಯ ತರಗತಿಯ ಬಾಯಿಬಡುಕ.

“ನಿನ್ನ ಎಣಿಸ್ತಾರಲ್ಲಪ್ಪಾ, ಅದೇ ನನ್ನ ಪುಣ್ಯ. ಒಳಗೆ ನಡಿ!”

ಟ್ರೇವಿಯನ್ ವರ್ಲೀನ್‌ಳ ಕಿಟಕಿಗೆ ಮೊಣಕೈ ಊರಿದ. “ಮಿಸ್, ಇವತ್ತು ನನ್ನ ರೇಟು ಎಷ್ಟು?”

“ಕೂತಿದ್ರೆ ರೇಟು. ಪಡಸಾಲೇಲಿ ಅಲೆದ್ರೆ ಸೊನ್ನೆ.”

“ನಮ್ಮಜ್ಜಿ ದಿನಾ ಸೊನ್ನೆ ಅಂತಾಳೆ. ಪರ್ವಾಗಿಲ್ಲ, ಒಂದಿನಕ್ಕಾದ್ರೂ ಏರ್ತು.”

ಎಂಟೂಮುಕ್ಕಾಲಕ್ಕೆ ನೂರ ಹದಿನಾಲ್ಕು. ಮೂವರು ಶಿಕ್ಷಕರು ತಮ್ಮ ತಮ್ಮ ಕಾರು ತೆಗೆದುಕೊಂಡು ಮಕ್ಕಳನ್ನು ಹುಡುಕಲು ಹೊರಟರು. ಪ್ರತಿವರ್ಷದ ಪದ್ಧತಿ. ವರ್ಲೀನ್‌ಳ ಪಾಲಿಗೆ ಮೂರು ಮನೆ. ಹೊರಡುವ ಮುನ್ನ ಕೆಜಾಯಾಳ ತರಗತಿಯನ್ನು ಇಣುಕಿ ನೋಡಿದಳು. ಹುಡುಗಿ ಬಾಚಿ ಕಟ್ಟಿದ ಕೂದಲಲ್ಲಿ, ಏನೂ ಆಗದವಳ ಹಾಗೆ, ಬರೆಯುತ್ತ ಕೂತಿದ್ದಳು. ಕಣ್ಣು ಮಾತ್ರ ಒಮ್ಮೆ ನೆಲದತ್ತ ಹೋಗಿ ಬಂತು. ಕೆಳಗೆ ಎಲ್ಲ ಸರಿಯಿದೆ ಎಂದು ಹೇಳಿದ ಹಾಗೆ.

ಬನ್ನಿನ ಕಾರ್ಖಾನೆಯ ಹುಡುಗನನ್ನು ಅವಳು ಅವನ ತಾಯಿಯ ಜೊತೆ ಸೇರಿ ಹಾಸಿಗೆಯಿಂದ ಎಬ್ಬಿಸಿದಳು. ಅವನು ಹಿಟ್ಟು ಮೆತ್ತಿದ ಪ್ಯಾಂಟಿನಲ್ಲೇ ಹಿಂದಿನ ಸೀಟಿನಲ್ಲಿ ಮತ್ತೆ ನಿದ್ದೆ ಹೋದ. ಜ್ವರದ ಕೂಸಿನ ತಾಯಿಯನ್ನು ಕೂಸಿನ ಸಮೇತ ಹತ್ತಿಸಿಕೊಂಡಳು. ಮೂರನೆಯದು ಮಾರ್ಕೆಲ್ ಗೇನ್ಸ್, ಒಂಬತ್ತನೆಯ ತರಗತಿ. ಮೊದಲ ವಾರ ಮೂರು ದಿನ ಬಂದವನು ಮತ್ತೆ ಕಾಣಿಸಿರಲಿಲ್ಲ. ಅವನ ಅಜ್ಜಿಯ ಫೋನಿಗೆ ಅವಳು ಒಂಬತ್ತು ಸಲ ಕರೆ ಮಾಡಿದ್ದಳು. ಸೇವೆಯಲ್ಲಿಲ್ಲ ಎಂಬ ಉತ್ತರ.

ಆ ಬೀದಿಯಲ್ಲಿ ನಾಲ್ಕು ಮನೆ ಉಳಿದಿದ್ದವು. ಮಿಕ್ಕದ್ದು ಹುಲ್ಲು. ಹುಲ್ಲಿನ ನಡುವಿನಿಂದ ಕಾಡುಕೋಳಿಯೊಂದು ಎದ್ದು ಬಂದು, ಕಾರನ್ನು ನೋಡಿ, ತನ್ನ ಪಾಡಿಗೆ ರಸ್ತೆ ದಾಟಿತು. ಮಾರ್ಕೆಲ್‌ನ ಮನೆಯ ಬಾಗಿಲು ಬಡಿದು ಬಡಿದು ವರ್ಲೀನ್‌ಳ ಗೆಣ್ಣು ನೊಂದಿತು. ಪಕ್ಕದ ಮನೆಯ ಮುದುಕ ಎಲೆ ಗುಡಿಸುವುದನ್ನು ನಿಲ್ಲಿಸಿ ಬೇಲಿಯ ಹತ್ತಿರ ಬಂದ.

“ಯಾರ್ ಬೇಕಮ್ಮ? ಹುಡುಗನಾ? ಅವನು ಹೋಗಿ ಮೂರು ವಾರದ ಮೇಲಾಯ್ತು. ಒಂದು ರಾತ್ರಿ ಏನೋ ಜಗಳ ಆಗಿ ಮನೆ ಬಿಟ್ಟ. ಆಯಮ್ಮ ಪಾಪ ಹುಡ್ಕಿ ಹುಡ್ಕಿ ಸೋತು, ಈಗ ತಂಗಿ ಮನೇಲಿದ್ದಾಳೆ.”

“ಪೊಲೀಸ್ರಿಗೆ ಹೇಳಿದ್ದಾರಾ?”

“ಹೇಳವ್ಳೆ. ಬರ್ಕೊಂಡ್ರಂತೆ.” ಮುದುಕ ಕಸಬರಿಗೆಯ ಕೋಲಿಗೆ ಗಲ್ಲ ಊರಿದ. “ಬರ್ಕೊಳ್ಳೋದೇನು, ಬರ್ಕೊತಾರೆ.”

ಅವಳು ಕಾರಿನಲ್ಲಿ ಕೂತು ಪೆಟ್‌ವೇಗೆ ಫೋನ್ ಮಾಡಿದಳು. ಉಳಿದವರು ಮೂವರನ್ನು ಕರೆತಂದಿದ್ದರು, ಇವಳ ಬಳಿ ಇಬ್ಬರು.

“ನೂರ ಹತ್ತೊಂಬತ್ತು,” ಎಂದಳು.

ಆ ಕಡೆ ಹಿನ್ನೆಲೆಯಲ್ಲಿ ಹುಡುಗಿಯರು ಯಾರದೋ ಹುಟ್ಟುಹಬ್ಬದ ಹಾಡು ಹೇಳುತ್ತಿದ್ದರು.

“ಸರಿ,” ಎಂದ ಪೆಟ್‌ವೇ. “ನೀನು ಮಾಡೋದೆಲ್ಲ ಮಾಡಿದ್ದೀಯಮ್ಮ. ಬಾ, ಊಟ ಮಾಡು.”

ಹಿಂದಿರುಗುವ ದಾರಿಯಲ್ಲಿ ಕೂಸು ಅತ್ತಿತು, ಬನ್ನಿನ ಹುಡುಗ ಗೊರಕೆ ಹೊಡೆದ. ವರ್ಲೀನ್ ಎರಡೂ ಕೈಯಲ್ಲಿ ಸ್ಟೀರಿಂಗ್ ಚಕ್ರ ಹಿಡಿದುಕೊಂಡು, ಶಾಲೆ ಮುಚ್ಚಿದರೆ ಇವರೆಲ್ಲ ಯಾವ ಕಿಟಕಿಯ ಮುಂದೆ ಹೋಗಿ ನಿಲ್ಲುತ್ತಾರೆ, ಅಲ್ಲಿ ಯಾರಿಗೆ ಇವರ ಹೆಸರು ಗೊತ್ತಿರುತ್ತದೆ ಎಂದು ಯೋಚಿಸಿದಳು.

ಒಳಗೆ ಕಾಲಿಟ್ಟ ಕೂಡಲೆ ಪೆಟ್‌ವೇ ಎದುರು ಬಂದ. ಅವನ ಕಣ್ಣು ಒದ್ದೆಯಾಗಿತ್ತು.

“ವರ್ಲೀನ್! ನೂರಿಪ್ಪತ್ತು! ಅವನು ತಾನಾಗೇ ಬಂದಿದ್ದಾನೆ ಕಣಮ್ಮ!”

“ಯಾರು?”

“ಮಾರ್ಕೆಲ್ ಗೇನ್ಸ್! ಗಣಿತದ ಕ್ಲಾಸಲ್ಲಿ ಕೂತಿದ್ದಾನೆ. ವಿಶ್ವವಿದ್ಯಾಲಯದ ಆಯಮ್ಮನೇ ಎಣಿಸಿದ್ದಾಳೆ. ನಡಿ, ಹೋಗಿ ಅವನನ್ನ ಒಂದ್ಸಲ ಅಪ್ಪಿಕೊಂಡು ಬರ್ತೀನಿ.”

ಅವಳ ಕಾಲಿನ ಕೆಳಗೆ ನೆಲಮಾಳಿಗೆ ಇತ್ತು. ಅದು ಖಾಲಿಯಾಗಿದೆ ಎಂದು ಅವಳಿಗೆ ನೋಡದೆಯೇ ತಿಳಿಯಿತು.

“ತಡೀರಿ,” ಎಂದಳು. “ಮೂರು ವಾರದ ಮೇಲೆ ಬಂದಿರೋ ಹುಡುಗ. ನೀವು ಈ ಸೂಟಲ್ಲಿ ಹೋಗಿ ತಬ್ಬಿಕೊಂಡ್ರೆ ನಾಳೆ ಮತ್ತೆ ಓಡಿಹೋಗ್ತಾನೆ. ಮೊದ್ಲು ನಾನು ಮಾತಾಡ್ತೀನಿ.”

ಪೆಟ್‌ವೇ ನಕ್ಕ. ಅವಳನ್ನು ನಂಬುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು.

ಗಣಿತದ ಕೋಣೆಯ ಬಾಗಿಲಿಗೆ ಅಂಗೈಯಗಲದ ಗಾಜು. ಅದರೊಳಗಿಂದ ಅವಳು ನೋಡಿದಳು. ಕಿಟಕಿಯ ಪಕ್ಕದ ಬೆಂಚಿನಲ್ಲಿ ಆಮಾರಿ. ಮುಂದೆ ಪಿಜ್ಜಾ ತುಂಡು, ಮುಟ್ಟಿರಲಿಲ್ಲ. ಕುಂಕುಮಗೆಂಪು ಅಂಗಿಯ ಎರಡನೆಯ ಗುಂಡಿ ಇರಲಿಲ್ಲ. ಮೇಜಿನ ಹಿಂದೆ ಇವತ್ತಿಗಾಗಿ ಕಳಿಸಿದ್ದ ಬದಲಿ ಮೇಷ್ಟರು. ನಿವೃತ್ತರಾದ ಮುದುಕರು, ಈ ಶಾಲೆಯ ಒಂದು ಮುಖವನ್ನೂ ಕಂಡವರಲ್ಲ.

ಟ್ರೇವಿಯನ್ ಅವಳನ್ನು ಕಂಡು, ನೀರು ಕುಡಿಯುವ ನೆಪ ಹೇಳಿ ಹೊರಗೆ ಬಂದ.

“ಏನೋ ಇದು? ಯಾರು ಮಾಡಿದ್ದು?” ಅವಳು ಅವನ ತೋಳು ಹಿಡಿದಳು.

“ನನ್ಮೇಲ್ಯಾಕೆ ಮಿಸ್? ಹೊಸ ಕಾವಲುಗಾರ ಇದ್ದಾನಲ್ಲ, ಅವನು ಒಂಬತ್ತು ಗಂಟೆಗೆ ಎಲ್ಲ ಮೂಲೆ ಜಾಲಾಡಿ ಎಲ್ಲರನ್ನೂ ಕ್ಲಾಸಿಗೆ ತಳ್ಳಿದ. ಇವನು ಕೆಳಗಿಂದ ಬಾತ್‌ರೂಮಿಗೆ ಅಂತ ಎದ್ದು ಮೇಲೆ ಬಂದಿದ್ನಂತೆ. ಕೆಂಪು ಅಂಗಿ ನೋಡಿ, ‘ಏಯ್, ಒಂಬತ್ತನೇ ಕ್ಲಾಸಾ? ನಡಿ’ ಅಂತ ಇಲ್ಲಿಗೆ ತಂದು ಬಿಟ್ಟ.”

“ಆಮೇಲೆ?”

“ಆಮೇಲೆ ತಾತ ಹೆಸರು ಕೂಗಿದ್ರು. ಎಲ್ಲರೂ ಯೆಸ್ ಅಂದ್ವಿ. ಮಾರ್ಕೆಲ್ ಗೇನ್ಸ್ ಅಂದಾಗ ಯಾರೂ ಇಲ್ಲ. ತಾತ ಕನ್ನಡಕ ಇಳಿಸಿ ಇವನ್ನ ನೋಡಿ, ‘ನೀನೇನಪ್ಪಾ?’ ಅಂದ್ರು. ಇವನು ಅಳೋ ಹಂಗಿದ್ದ ಮಿಸ್. ಆ ಎಣಿಸೋ ಆಂಟಿ ಬಾಗ್ಲಲ್ಲೇ ನಿಂತಿದ್ರು. ನಾನು ‘ಹೂಂ ಸಾರ್, ಅವನೇ, ನಾಚ್ಕೆ ಸ್ವಭಾವ’ ಅಂದ್ಬಿಟ್ಟೆ.”

“ಯಾಕೋ ಹಾಗಂದೆ?”

ಟ್ರೇವಿಯನ್‌ನ ಮುಖದಲ್ಲಿ ತಮಾಷೆ ಇರಲಿಲ್ಲ. “ಕೆಜಾಯಾ ತಮ್ಮ ಅಂತ ನಮ್ಗೆಲ್ಲ ಗೊತ್ತು. ಎಲ್ಲಿ ಮಲಗ್ತಾರೆ ಅಂತಾನೂ ಗೊತ್ತು. ಯಾರು ಬಾಯಿ ಬಿಡ್ತಾರೆ?” ನೀರಿನ ನಲ್ಲಿಯತ್ತ ನೋಡುತ್ತ, “ಹೋದ್ವರ್ಷ ನಾನು ನಮ್ಮ ಮಾವನ ಕಾರಲ್ಲಿದ್ದೆ. ಅಜ್ಜಿ ಸಿಗೋವರ್ಗೂ,” ಎಂದ. ತೋಳು ಬಿಡಿಸಿಕೊಂಡು ನಿಜವಾಗಿಯೂ ಹೋಗಿ ನೀರು ಕುಡಿದ.

ಅವಳು ಕಚೇರಿಗೆ ಮರಳಿದಾಗ ಲಿಂಡ್‌ಕ್ವಿಸ್ಟ್ ಎಂಬ ಆ ಹೆಂಗಸು ಅವಳ ಮೇಜಿನ ಬಳಿ ಕಾಯುತ್ತಿದ್ದಳು. ವಿಶ್ವವಿದ್ಯಾಲಯದಿಂದ ನಸುಕಿನಲ್ಲೇ ಹೊರಟು ಬಂದವಳು. ಕೆಟ್ಟ ಹೆಂಗಸಲ್ಲ. ಕೂಸನ್ನು ಕಂಡು ಅದರ ಕಾಲ್ಬೆರಳು ಮುಟ್ಟಿ ನಕ್ಕಿದ್ದಳು.

“ನಿಮ್ಮ ಸಹಿ ಒಂದು ಬಾಕಿ,” ಎಂದಳು. “ನಿಜ ಹೇಳ್ಬೇಕಂದ್ರೆ ನಂಗೆ ಭಯ ಇತ್ತು. ನಿಮ್ಮ ಶಾಲೆ ಮುಚ್ಚೋ ಕಾಗದಕ್ಕೆ ಸಹಿ ಹಾಕೋಕೆ ನಂಗೂ ಇಷ್ಟ ಇರ್ಲಿಲ್ಲ. ಒಂಬತ್ತನೇ ಕ್ಲಾಸಲ್ಲಿ ನಾನೇ ಒಂದೊಂದು ತಲೆ ಎಣಿಸ್ದೆ. ಇಪ್ಪತ್ತೊಂದು. ಹೆಸರೂ ಇಪ್ಪತ್ತೊಂದು. ಚೊಕ್ಕವಾಗಿದೆ.”

ವರ್ಲೀನ್ ಹಾಳೆ ನೋಡಿದಳು. ಮಾರ್ಕೆಲ್ ಗೇನ್ಸ್ ಎಂಬ ಹೆಸರಿನ ಮುಂದೆ ಮುದುಕರ ನಡುಗುವ ಕೈಯ ನೀಲಿ ಗುರುತು. ಅದನ್ನು ಹೊಡೆದುಹಾಕಬಹುದಿತ್ತು. ಹೊಡೆದರೆ ಹೆಸರು ಇಪ್ಪತ್ತು, ತಲೆ ಇಪ್ಪತ್ತೊಂದು. ಆ ಒಂದು ತಲೆ ಯಾರದು ಎಂದು ಈ ಹೆಂಗಸು ಕೇಳುತ್ತಾಳೆ. ಕೇಳಲೇಬೇಕು. ಆಮೇಲೆ ಗೋಡೆಯ ಮೇಲಿನ ನಂಬರು, ಎರಡು ಕಾರು, ಮತ್ತೆ ಜೂನ್‌ಗೆ ಬಾಗಿಲು. ಹೊಡೆಯದಿದ್ದರೆ, ಎಲ್ಲೋ ಇರುವ, ಅಥವಾ ಎಲ್ಲಿಯೂ ಇಲ್ಲದ ಹುಡುಗನೊಬ್ಬ ಇವತ್ತು ಇಲ್ಲಿ ಗಣಿತ ಕಲಿಯುತ್ತ ಕೂತಿದ್ದ ಎಂದು ತಾನು ಶಾಯಿಯಲ್ಲಿ ಬರೆದ ಹಾಗೆ. ಅವನು ಬೇರೆ ಯಾವುದಾದರೂ ಊರಿನ ಶಾಲೆಯಲ್ಲಿ ಇವತ್ತೇ ಎಣಿಕೆಯಾಗಿದ್ದರೆ, ಒಂದೇ ಹೆಸರು ಎರಡು ಕಡೆ ಕಂಡು ಚಳಿಗಾಲದೊಳಗೆ ಅವಳು ಸಿಕ್ಕಿಬೀಳುತ್ತಾಳೆ. ವಿಚಿತ್ರವೆಂದರೆ, ಹಾಗಾಗಲಿ ಎಂದೇ ಅವಳು ಒಂದು ಕ್ಷಣ ಬೇಡಿಕೊಂಡಳು. ಅವನು ಎಲ್ಲಾದರೂ ಎಣಿಕೆಯಾಗಿರಲಿ.

‘ನನಗೆ ತಿಳಿದ ಮಟ್ಟಿಗೆ ಮೇಲಿನದೆಲ್ಲ ಸತ್ಯ’ ಎಂಬ ಸಾಲಿನ ಕೆಳಗೆ ಅವಳು ಹೆಸರು ಬರೆದಳು. ಹನ್ನೊಂದು ವರ್ಷದಲ್ಲಿ ಅವಳ ಸಹಿ ಒಮ್ಮೆಯೂ ಅಷ್ಟು ಸ್ಪಷ್ಟವಾಗಿ ಬಂದಿರಲಿಲ್ಲ.

ಮಧ್ಯಾಹ್ನ ಚೀಟಿ ಎತ್ತಿದಾಗ ಹೊಸ ಬೂಟಿನ ಬಹುಮಾನ ಬನ್ನಿನ ಹುಡುಗನಿಗೆ ಬಂತು. ಅವನನ್ನು ಎಬ್ಬಿಸಿ ಹೇಳಬೇಕಾಯಿತು. ಮಕ್ಕಳು ನೆಲ ಕುಟ್ಟಿ ಕೂಗಿದರು. ಆ ಗದ್ದಲದಲ್ಲಿ ಕೆಜಾಯಾ ತಮ್ಮನನ್ನು ಹಿಂದಿನ ಬಾಗಿಲಿನಿಂದ ಗ್ರಂಥಾಲಯಕ್ಕೆ ದಾಟಿಸಿದಳು.

ಸಂಜೆ ಆರಕ್ಕೆ ಕಚೇರಿಯ ಫೋನು ಬಡಿದುಕೊಂಡಿತು. ವರ್ಲೀನ್ ಬಾಗಿಲಿಗೆ ಬೀಗ ಹಾಕುವುದರಲ್ಲಿದ್ದಳು.

“ಶಾಲೆನಾ? ಅಮ್ಮಾ, ನಾನು ಮಾರ್ಕೆಲ್ ಅಜ್ಜಿ. ರೋಸೆಟಾ ಗೇನ್ಸ್.” ಮುದುಕಿ ಏದುಸಿರು ಬಿಡುತ್ತಿದ್ದಳು. “ನಮ್ಮ ತಂಗಿ ಇವತ್ತು ನನ್ನ ಫೋನು ಚಾಲೂ ಮಾಡ್ಸಿದ್ಲು. ಮಾಡ್ಸಿದ ತಕ್ಷಣ ನಿಮ್ಮ ಮೆಸೇಜು. ‘ನಿಮ್ಮ ಮಗು ಇಂದು ಶಾಲೆಗೆ ಹಾಜರಾಗಿದೆ, ಧನ್ಯವಾದ’ ಅಂತ. ನಾಲ್ಕು ಸಲ ಓದಿಸ್ದೆ. ನಿಜಾನಾ ಅಮ್ಮಾ? ಬಂದಿದ್ನಾ?”

ಮೆಸೇಜು. ಹಾಜರಿ ಗಣಕಕ್ಕೆ ಏರಿದ ಕೂಡಲೆ ಮನೆಮನೆಗೂ ಹೋಗುವ ಮೆಸೇಜು. ಅದನ್ನು ಏರಿಸಿದ್ದು ಅವಳೇ, ಮಧ್ಯಾಹ್ನ ಎರಡು ಗಂಟೆಗೆ.

“ಅಮ್ಮಾ? ಇದ್ದೀರಾ? ಹೆಂಗಿದ್ದ? ಇಳಿದುಹೋಗಿದ್ನಾ? ಕಂದು ಬಣ್ಣದ ಜಾಕೀಟು ಹಾಕಿದ್ನಾ? ಅದು ಹಾಕ್ಕೊಂಡೇ ಹೋಗಿದ್ದು. ನಾನು ಬಯ್ದಿದ್ದೆ, ಅಷ್ಟೇ. ಹೊಡೆದಿರ್ಲಿಲ್ಲ. ಅಜ್ಜಿ ಕೋಪ ಇಳೀತು ಅಂತ ಹೇಳಿ ಅವನಿಗೆ.”

ವರ್ಲೀನ್ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟಳು.

“ನಾನು ಈಗ್ಲೇ ಠಾಣೆಗೆ ಹೋಗಿ ಹೇಳ್ಬಿಡ್ತೀನಿ,” ಎಂದಳು ಮುದುಕಿ. ಅವಳು ಅಳುತ್ತ ನಗುತ್ತಿದ್ದಳು. “ಸಿಕ್ಕಿದ ಅಂತ. ಪಾಪ, ಅವರಿಗೂ ಸಾವಿರ ಕೆಲಸ. ಇನ್ನು ಹುಡುಕೋದು ಬೇಡ ಅಂತೀನಿ.”

“ಬೇಡ.” ಮಾತು ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. “ಬೇಡ ಮಿಸೆಸ್ ಗೇನ್ಸ್. ಠಾಣೆಗೆ ಹಾಗೆ ಹೇಳ್ಬೇಡಿ.”

“ಯಾಕಮ್ಮ?”

“ಅದು... ಮಷೀನಿಂದು. ತಾನಾಗೇ ಹೋಗಿರೋ ಮೆಸೇಜು. ತಪ್ಪು ಹೋಗಿದೆ. ಮಾರ್ಕೆಲ್ ಬಂದಿರ್ಲಿಲ್ಲ. ನಾನೇ ಬೆಳಿಗ್ಗೆ ನಿಮ್ಮನೆ ಬಾಗಿಲಿಗೆ ಬಂದಿದ್ದೆ, ಅವನನ್ನ ಹುಡ್ಕೊಂಡು.”

ಬೇರೆ ಯಾರೋ ದೂರದ ಕೋಣೆಯಲ್ಲಿ ಟಿವಿ ನೋಡುತ್ತಿರುವ ಸದ್ದು ಫೋನಿನೊಳಗಿಂದ ಕೇಳಿತು.

“ಮಷೀನು,” ಎಂದಳು ಮುದುಕಿ. “ಸರಿ ಬಿಡಮ್ಮ. ಮಷೀನಿಗೇನ್ ಗೊತ್ತಾಗತ್ತೆ.”

“ಹುಡುಕೋದು ನಿಲ್ಲಿಸ್ಬೇಡಿ. ನಾನೂ ಹುಡುಕ್ತೀನಿ. ಯಾರಾದ್ರೂ ಶಾಲೆಗೆ ಬಂದಿದ್ನಾ ಅಂತ ಕೇಳಿದ್ರೆ...” ಅವಳು ನಿಲ್ಲಿಸಿದಳು. ಕೇಳಿದರೆ ಏನು ಹೇಳಬೇಕು? ಹಾಳೆಯ ಮೇಲೆ ಅವನಿದ್ದಾನೆ. ನಾಳೆ ಪೊಲೀಸಿನವನೊಬ್ಬ ಹಾಳೆ ನೋಡಿದರೆ, ಬುಧವಾರ ಶಾಲೆಯಲ್ಲಿದ್ದ ಹುಡುಗನನ್ನು ಯಾರು ಹುಡುಕುತ್ತಾರೆ?

ಮುದುಕಿ ಅಷ್ಟರಲ್ಲಿ ಫೋನ್ ಇಟ್ಟಿದ್ದಳು.

ವರ್ಲೀನ್ ಕತ್ತಲಾಗುವವರೆಗೆ ದೀಪ ಹಾಕದೆ ಕೂತಳು. ಜಿಮ್‌ನ ಹಿಂದಿನ ಬಾಗಿಲು ಮೆಲ್ಲಗೆ ತೆರೆದು ಮುಚ್ಚಿದ್ದು ಕೇಳಿತು. ಚಿಲಕ ಬೀಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಸಂಜೆಗೆಂದು ತಂದಿದ್ದ ಬೀನ್ಸು, ಜೋಳದ ರೊಟ್ಟಿಯ ಡಬ್ಬಿ ತೆಗೆದುಕೊಂಡು ಕೆಳಗಿಳಿದಳು.

ಆಮಾರಿ ಪರದೆಯ ಮೇಲೆ ಮಂಡಿ ಅಪ್ಪಿ ಕೂತಿದ್ದ. “ಮಿಸ್,” ಎಂದ. “ಆ ಮಾರ್ಕೆಲ್ ಅನ್ನೋನು ಬಂದ್ರೆ, ನಾನು ಅವನ ಜಾಗದಲ್ಲಿ ಕೂತಿದ್ದಕ್ಕೆ ಬಯ್ತಾನಾ?”

“ಇಲ್ಲ ಮರಿ. ಊಟ ಮಾಡು.”

ಕೆಜಾಯಾ ಅವಳ ಮುಖವನ್ನೇ ನೋಡುತ್ತಿದ್ದಳು. “ನಾವು ಹೊರಗೆ ಕಾಯ್ತಿದ್ದಾಗ ಮೇಲೆ ಫೋನ್ ಬಡ್ಕೊಂಡಿದ್ದು ಕೇಳ್ತು. ಯಾರದು ಮಿಸ್?”

ಬೆಳಿಗ್ಗೆ ಬೇಗ ಬಂದು ಕಂದು ಜಾಕೀಟಿನ ಹುಡುಗನನ್ನು ಬಸ್‌ನಿಲ್ದಾಣದಲ್ಲಿ, ಆಸ್ಪತ್ರೆಗಳಲ್ಲಿ ಹುಡುಕಬೇಕು. ಶಾಲೆಯ ಹೆಸರು ಹೇಳದೆ ಹುಡುಕಬೇಕು. ಪೆಟ್‌ವೇಗೆ ಹೇಳಿದರೆ ಒಳ್ಳೆಯ ಮನುಷ್ಯ, ಆ ಗಳಿಗೆಯಲ್ಲೇ ಫೋನೆತ್ತುತ್ತಾನೆ. ದಿನವೂ ರಾತ್ರಿ ಒಂಬತ್ತಕ್ಕೆ ಕರೆ ಮಾಡುವ ಅಕ್ಕನಿಗೆ ಹೇಳಿದರೆ ಅವಳು ಭಾನುವಾರ ಚರ್ಚಿನಲ್ಲಿ ಹೆಸರು ಹಿಡಿದು ಪ್ರಾರ್ಥನೆ ಮಾಡಿಸುತ್ತಾಳೆ. ಈ ಹುಡುಗಿಗೆ ಹೇಳಿದರೆ, ಇಪ್ಪತ್ತೆಂಟನೆಯ ತಾರೀಖಿನವರೆಗೆ ಆ ಅಜ್ಜಿಯನ್ನೂ ಹೊತ್ತುಕೊಂಡು ಮಲಗುತ್ತಾಳೆ.

“ರಾಂಗ್ ನಂಬರು,” ಎಂದಳು ವರ್ಲೀನ್. ಪರದೆಯ ಮಡಿಕೆಗಳಲ್ಲಿ ಕೈಯಾಡಿಸಿ, ಅಲ್ಲಿ ಬಿದ್ದಿದ್ದ ಗುಂಡಿಯನ್ನು ಹುಡುಕಿ ತೆಗೆದಳು. “ಆ ಅಂಗಿ ಬಿಚ್ಚಿ ಕೊಡು ಇಲ್ಲಿ. ಹೊಲಿದು ಕೊಡ್ತೀನಿ.”